ಪರಾರಿಯಾದ ಬೇರುಗಳು

1977ನೆಯ ಇಸವಿ ಸೆಪ್ಟೆಂಬರ್ 21, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಚಿತ್ರದುರ್ಗದ ನಮ್ಮ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಶಾಲೆಗೆ ಮೂವತ್ತು ಸಸಿಗಳ ಒಂದು ಕಟ್ಟು ಬಂತು. ಗೋಣಿತಾಟಿನಲ್ಲಿ ಸುತ್ತಿ, ಎರಡೂ ತುದಿಗೆ ಹಗ್ಗ ಬಿಗಿದು, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದ್ದರು. ಹೊತ್ತು ತಂದವನು ಚಿತ್ತಪ್ಪ, 'ಬಯಲು ಹಸಿರು ಯೋಜನೆ'ಯ ವಾಚರ್. ಕಟ್ಟನ್ನು ಮೇಜಿನ ಮೇಲೆ ಮೆತ್ತಗೆ ಇಳಿಸಿ, ಖಾಕಿ ಟೋಪಿ ತೆಗೆದು ಬೆವರು ಒರೆಸಿಕೊಂಡ.

"ಏನಪ್ಪ ಇದು?"

"ಸತ್ತೋಗ್ಯವೆ ಸಾ. ಕೇಸಾಗೈತೆ."

ಜೊತೆಗೆ ಮಹಜರಿನ ಪ್ರತಿಯೂ ಇತ್ತು. ಹಿರಿಯೂರು ತಾಲ್ಲೂಕು ಕರೇಕಲ್ಲಹಟ್ಟಿಯಲ್ಲಿ ಯೋಜನೆಯವರು ನೆಟ್ಟು ಬೆಳೆಸಿದ, ಒಂದು ವರ್ಷ ಎರಡು ತಿಂಗಳ ವಯಸ್ಸಿನ ನೀಲಗಿರಿ ಸಸಿಗಳನ್ನು ಸದರಿ ಗ್ರಾಮದ ಕೇರಿಯ ತಿಪ್ಪಕ್ಕ ಕೋಂ ಲೇಟ್ ಓಬಯ್ಯ ಎಂಬಾಕೆ ಮಂಗಳವಾರ ಬೆಳಿಗ್ಗೆ ದುರುದ್ದೇಶದಿಂದ ಕಿತ್ತಿರುತ್ತಾಳೆ. ಇಲ್ಲಿಯವರೆಗೆ ಎಲ್ಲ ಮಹಜರುಗಳ ಹಾಗೆಯೇ ಇತ್ತು. ಮುಂದಿನ ಸಾಲುಗಳನ್ನು ನಾನು ಎರಡು ಸಲ ಓದಿದೆ. "ಬೇರುಗಳು ಸ್ಥಳದಲ್ಲಿ ದೊರೆತಿರುವುದಿಲ್ಲ. ಆರೋಪಿಯು ಬೇರುಗಳನ್ನು ಕತ್ತರಿಸಿ ಬಚ್ಚಿಟ್ಟಿರುವ ಬಲವಾದ ಅನುಮಾನದ ಮೇಲೆ ಆಕೆಯ ಗುಡಿಸಲನ್ನು ಶೋಧಿಸಲಾಯಿತು. ಬೇರುಗಳು ಪತ್ತೆಯಾಗಿರುವುದಿಲ್ಲ. ತಲೆಮರೆಸಿಕೊಂಡಿರುತ್ತವೆ."

ಸಸ್ಯಶಾಸ್ತ್ರದಲ್ಲಿ ತಾಯಿಬೇರು, ತಂತುಬೇರು, ಬಿಳಲುಬೇರು ಎಂದೆಲ್ಲ ಪಾಠ ಮಾಡುತ್ತೇವೆ. ತಲೆಮರೆಸಿಕೊಂಡ ಬೇರಿನ ವಿಷಯ ನಾನು ಓದಿದ್ದು ಅದೇ ಮೊದಲು.

ನನ್ನಿಂದ ಕೇಳಿದ್ದು ಇಷ್ಟು. ಈ ಸಸಿಗಳು ಯೋಜನೆ ನೆಟ್ಟಿರುವ ವಿದೇಶಿ ಪ್ರಭೇದವೇ ಎಂದು ತಜ್ಞನಾಗಿ ಗುರುತಿಸಿ, ಶುಕ್ರವಾರ ಊರಿನಲ್ಲೇ ನಡೆಯುವ ವಿಚಾರಣೆಯಲ್ಲಿ ಹೇಳಿ ಸಹಿ ಹಾಕಬೇಕು. ಇಷ್ಟು ಶ್ರದ್ಧೆಗೆ ಕಾರಣವಿತ್ತು. ಯೋಜನೆಯ ನಿಯಮದ ಪ್ರಕಾರ ಯೋಜನೆಯ ಮರ ನಿಂತ ನೆಲ ಯೋಜನೆಗೆ ಸೇರುತ್ತದೆ. ತಿಪ್ಪಕ್ಕ ಕಿತ್ತದ್ದು ಅವಳಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡು ಎಕರೆ ನೆಲದಲ್ಲಿ. ಕಿತ್ತದ್ದು ಯೋಜನೆಯ ಗಿಡ ಎಂದಾದರೆ ಅವಳಿಗೆ ಶಿಕ್ಷೆಯೂ ಆಗುತ್ತದೆ, ನೆಲವೂ ಹೋಗುತ್ತದೆ. ನನ್ನ ಒಂದು ಸಹಿಗೆ ಅಷ್ಟು ಶಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮುದ್ರೆ ಒಡೆದೆ. ತಾಟು ಬಿಚ್ಚುತ್ತಿದ್ದ ಹಾಗೆ ಕೋಣೆಯ ತುಂಬ ನಿಂಬೆಹಣ್ಣಿನ ಸಿಪ್ಪೆಯ ವಾಸನೆ ಹರಡಿತು.

ನಮ್ಮ ಬಯಲುಸೀಮೆಯಲ್ಲಿ ಯೋಜನೆಯವರು ನೆಡುವುದು ಮೈಸೂರು ನೀಲಗಿರಿ ಎಂದು ಕರೆಯುವ ಗಿಡ. ಮೂಲದಲ್ಲಿ ಯೂಕಲಿಪ್ಟಸ್ ಟೆರೆಟಿಕಾರ್ನಿಸ್, ಆಮೇಲೆ ಒಂದಿಷ್ಟು ಬೆರಕೆ. ಅದರ ಎಲೆ ಹೊಸಕಿದರೆ ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ. ಮೊಗ್ಗಿನ ಮೇಲೆ ಕೊಂಬಿನಂಥ ಚೂಪು ಟೋಪಿ. ನನ್ನ ಮುಂದೆ ಇದ್ದದ್ದು ಯೂಕಲಿಪ್ಟಸ್ ಸಿಟ್ರಿಯೊಡೋರಾ, ನಿಂಬೆ ವಾಸನೆಯ ನೀಲಗಿರಿ. ಮೊಗ್ಗಿನ ಟೋಪಿ ಮೊಂಡು. ಅದಿರಲಿ, ವರ್ಷದ ಸಸಿಗೆ ಮೊಗ್ಗೇ ಬರಬಾರದು. ಇಲ್ಲಿ ಮೊಗ್ಗೂ ಇತ್ತು, ಪುಟ್ಟ ಹೂಜಿಯಂಥ ಕಾಯಿಗಳೂ ಇದ್ದವು. ಈ ಪ್ರಭೇದದ ಎಳೆ ಗಿಡದ ಎಲೆ ಅಗಲ, ಒರಟು, ಮೈತುಂಬ ರೋಮ. ಇವುಗಳ ಎಲೆ ಸಪೂರ, ನುಣುಪು, ಕುಡುಗೋಲಿನ ಹಾಗೆ ಬಾಗಿದ್ದು. ಅಂದರೆ ಬಲಿತ ಮರದ ಎಲೆ. ಬುಡ ತಿರುಗಿಸಿ ನೋಡಿದೆ. ಮೂವತ್ತರ ಬುಡವನ್ನೂ ಮಚ್ಚಿನಿಂದ ಕೆತ್ತಿ ಗೂಟದ ಹಾಗೆ ಚೂಪು ಮಾಡಿದ್ದರು.

"ಚಿತ್ತಪ್ಪ, ಇವು ಕಾಯಿ ಬಿಟ್ಟಿವೆಯಲ್ಲ?"

"ನೆಲ ಒಳ್ಳೇದು ಸಾ."

"ಬುಡ ಕೆತ್ತಿದೆಯಲ್ಲ?"

ಚಿತ್ತಪ್ಪ ಗೋಡೆಯ ಮೇಲಿದ್ದ ಹೂವಿನ ಅಡ್ಡಸೀಳಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದ. ಆಮೇಲೆ ದನಿ ತಗ್ಗಿಸಿ, "ಸಾ, ನನಗಿನ್ನೂ ಖಾಯಂ ಆಗಿಲ್ಲ," ಎಂದ.

*

ಶುಕ್ರವಾರ ನಾನು ಹರಿಯಬ್ಬೆ ದಾರಿಯ ಬಸ್ಸು ಹಿಡಿದು ಕರೇಕಲ್ಲಹಟ್ಟಿ ಗೇಟಿನಲ್ಲಿ ಇಳಿದಾಗ ಹುಣಸೇಮರದ ಕೆಳಗೆ ಇಬ್ಬರು ಹೆಂಗಸರು ಕುಳಿತಿದ್ದರು. ಒಬ್ಬಳು ಎದ್ದು ಬಂದಳು. ನಲವತ್ತರ ಆಸುಪಾಸು, ಒಣಗಿದ ಗಟ್ಟಿ ಮೈ, ಅಂಗೈಯಲ್ಲಿ ಗುದ್ದಲಿಯ ಜಡ್ಡು.

"ನೀವೇ ಏನ್ರಪ್ಪ ಗಿಡದ ಡಾಕ್ಟ್ರು? ನಾನೇ ತಿಪ್ಪಕ್ಕ, ಕೊಲೆ ಮಾಡಿದಾಕಿ. ಇವಳು ನಮ್ಮ ಗಂಗಕ್ಕ."

ದಾರಿಯಲ್ಲಿ ನಡೆಯುತ್ತಾ ನಡೆದದ್ದನ್ನೆಲ್ಲ ಹೇಳಿದಳು. ಹೋದ ವರ್ಷ ಗೋಮಾಳದಲ್ಲಿ ನೀಲಗಿರಿ ನೆಡುವ ಕಂಟ್ರಾಕ್ಟು ಗೌಡ ತಿಪ್ಪೇರುದ್ರಪ್ಪನಿಗೆ ಆಯಿತು. ಗುಣಿ ತೋಡಲು ಕೇರಿಯ ಹೆಂಗಸರನ್ನು ಕೂಲಿಗೆ ಕರೆದರು. ಕಲ್ಲು ನೆಲ. ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು. ಗೌಡ ಉದ್ದಕ್ಕೆ ದಾರ ಕಟ್ಟಿಸುತ್ತಿದ್ದ. ದಾರದ ಗುಂಟ ಗುಣಿ. ದಾರ ಒಂದು ದಿನ ಗೋಮಾಳದ ಗಡಿಕಲ್ಲು ದಾಟಿ ತಿಪ್ಪಕ್ಕನ ಹೊಲದೊಳಗೆ ಹೋಯಿತು.

"ಗೌಡ್ರೇ, ಇದು ನಮ್ಮ ನೆಲ ಕಣ್ರಿ, ಸಾಗುವಳಿ ಚೀಟಿ ಐತೆ ಅಂದೆ. ಲೇ ತಿಪ್ಪಿ, ಸರ್ಕಾರದ ದಾರ ನೆಟ್ಟಗೆ ಹೋಗಬೇಕು ಕಣೇ, ನಿನ್ನ ಹೊಲ ಬಂತು ಅಂತ ಬಗ್ಗಿಸಾಕೆ ಆಗುತ್ತಾ ಅಂದ್ರು. ತೋಡದಿದ್ರೆ ಅವತ್ತಿನ ಕೂಲಿ ಇಲ್ಲ. ನನ್ನ ನೆಲಾನ ನಾನೇ ತೋಡಿದೆ, ಕೂಲಿಗೆ."

"ಕೂಲೀನೂ ಅರ್ಧ ಕೊಟ್ಟವ್ರೆ. ಅದನ್ನ ಹೇಳೇ," ಎಂದಳು ಗಂಗಕ್ಕ.

ಬೇಸಗೆಗೆ ಸಸಿಗಳೆಲ್ಲ ಒಣಗಿದವು. ಯಾರಿಗೂ ಬೇಸರವಾಗಲಿಲ್ಲ, ಏಕೆಂದರೆ ಯಾರೂ ನೋಡಲು ಬರಲಿಲ್ಲ. ಆದರೆ ಈ ತಿಂಗಳು ಬೆಂಗಳೂರಿನಿಂದ ದೊಡ್ಡವರ ತಂಡ ತೋಪು ನೋಡಲು ಬರುತ್ತದೆಂದು ಸುದ್ದಿ ಬಂತು. ಭಾನುವಾರ ಎರಡು ಗಾಡಿಗಳ ತುಂಬ ಹಸಿ ಕೊಂಬೆಗಳು ಬಂದವು. ಯೋಜನೆಯ ಬಂಗಲೆಯ ಕಾಂಪೌಂಡಿನಲ್ಲಿ ಯಾವನೋ ದೊರೆ ಶೋಕಿಗೆ ನೆಟ್ಟ ಐದು ಹಳೆಯ ಮರಗಳಿವೆ. ಹತ್ತಿರದಲ್ಲಿ ಸಿಕ್ಕ ನೀಲಗಿರಿ ಅವಷ್ಟೇ. ಚಿತ್ತಪ್ಪ ಬುಡ ಕೆತ್ತಿ ಕೆತ್ತಿ ಕೊಟ್ಟ. ಹೆಂಗಸರು ಗುಣಿಗೊಂದು ಕಡ್ಡಿ ನೆಟ್ಟು ಕಾಲಿನಿಂದ ಮಣ್ಣು ತುಳಿದರು. ಸೋಮವಾರ ಎರಡು ಜೀಪು ಬಂದವು. ಬೆಳಗಿನ ತುಂತುರಿಗೆ ಕೆಸರಾಗಿದ್ದರಿಂದ ಯಾರೂ ಇಳಿಯಲಿಲ್ಲ. ರಸ್ತೆಯಿಂದಲೇ ನೋಡಿದರು. ವರ್ಷಕ್ಕೇ ಹೂ ಬಿಟ್ಟಿದೆ, ಇಂಥ ಯಶಸ್ಸು ರಾಜ್ಯದಲ್ಲಿ ಎಲ್ಲೂ ಕಂಡಿಲ್ಲ ಎಂದು ಕುಳಿತಲ್ಲೇ ಚಪ್ಪಾಳೆ ತಟ್ಟಿದರು.

"ಅವತ್ತು ರಾತ್ರಿ ಉತ್ತರೆ ಮಳೆ ಚೆನ್ನಾಗಿ ಬಿತ್ತು," ಎಂದಳು ತಿಪ್ಪಕ್ಕ. "ಹುರುಳಿ ಚೆಲ್ಲಾಕೆ ಹದ. ಜೀಪು ಹೋತಲ್ಲ, ಇನ್ನ ಈ ಕಡ್ಡಿ ಯಾರಿಗೆ ಬೇಕು ಅಂತ ಕಿತ್ತೆ. ಒಂದು ಸಾಲು ಕಿತ್ತಿರಲಿಲ್ಲ, ಹಿಡಕಂಡ್ರು. ಮನೆಗೆ ನುಗ್ಗಿ ಬೇರು ಹುಡುಕಿದ್ರು. ಬೇರು ಐತೇನೋ ಅಂತ ಹಿಟ್ಟಿನ ಮಡಕೇನೂ ಒಡೆದ್ರು."

*

ಗೌಡನ ಮನೆಯ ಜಗಲಿ ಅಗಲವಾದದ್ದು, ತಂಪಾದದ್ದು. ಅದರ ಮೇಲೆ ಹೊಸ ಚಾಪೆ ಹಾಸಿ ಮೂವತ್ತು ಕಡ್ಡಿಗಳನ್ನು ಸಾಲಾಗಿ ಮಲಗಿಸಿದ್ದರು. ಸಾಕ್ಷಿ ಬಾಡಬಾರದೆಂದು ಚಿತ್ತಪ್ಪ ತಾಮ್ರದ ತಂಬಿಗೆಯಿಂದ ಆಗಾಗ ನೀರು ಚಿಮುಕಿಸುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಯೋಜನೆಯ ಅಧಿಕಾರಿ ಏಕಾಂತಪ್ಪ ಕುಳಿತಿದ್ದರು. ನಗುಮುಖದ, ಮೃದು ಮಾತಿನ ಮನುಷ್ಯ. ಆರೋಪಿ ತಿಪ್ಪಕ್ಕ ಕೆಳಗೆ ಬೀದಿಯಲ್ಲಿ, ಬಿಸಿಲಿನಲ್ಲಿ ನಿಂತಳು. ಅವಳ ಹಿಂದೆ ಕೇರಿಯ ಹತ್ತಾರು ಹೆಂಗಸರು.

"ಬರ್ರಿ ಮೇಷ್ಟ್ರೇ, ಮ್ಯಾಲೆ ಬರ್ರಿ, ಕುಂತ್ಕಳ್ರಿ," ಎಂದ ಗೌಡ. ಕುರ್ಚಿ ಕೊಟ್ಟ. ಒಳಗಿನಿಂದ ಸ್ಟೀಲು ಲೋಟದಲ್ಲಿ ಕಾಫಿ ಬಂತು.

"ಯಾವ ಕಡೇರು ತಾವು?"

"ಭರಮಸಾಗರ."

"ಓಹೋ, ನಮ್ಮ ಬೀಗರೆಲ್ಲ ಅಲ್ಲೇ ಅವ್ರೆ. ಅಲ್ಲಿ ಯಾರ ಪೈಕಿ?"

"ಬೋರಪ್ಪನ ಮಗ. ಕೆರೆ ಏರಿ ಕೆಳಗಿನ ಮಾದಿಗರ ಕೇರಿ."

ಲೋಟ ನನ್ನ ತುಟಿಯ ಹತ್ತಿರ ಇತ್ತು. ಗೌಡ ಲೋಟವನ್ನು ನೋಡಿದ. ಆಮೇಲೆ ಕುರ್ಚಿಯನ್ನು ನೋಡಿದ. ನನ್ನನ್ನು ಮಾತ್ರ ನೋಡಲಿಲ್ಲ. ಲೋಟದ ವಿಷಯದಲ್ಲಿ ಅವನಿಗೆ ನಿಜವಾಗಿಯೂ ದುಃಖವಾಗಿತ್ತು.

ಏಕಾಂತಪ್ಪನವರು ಗಂಟಲು ಸರಿಮಾಡಿಕೊಂಡರು. "ನೋಡಿ ಮೇಷ್ಟ್ರೇ, ವಿಜ್ಞಾನಕ್ಕೆ ಜಾತಿಯಿಲ್ಲ. ನಾನಂತೂ ಇದನ್ನೆಲ್ಲ ನಂಬುವವನಲ್ಲ. ಆದರೆ ನಿಮ್ಮ ಪರೀಕ್ಷೆಗೆ ಬೆಳಕು ಬೇಕಲ್ಲವೆ? ಬೀದಿಯಲ್ಲಿ ಬೆಳಕು ಬಹಳ ಚೆನ್ನಾಗಿದೆ."

ಕಾಫಿ ಪೂರ್ತಿ ಕುಡಿದೆ. ಲೋಟವನ್ನು ಜಗಲಿಯ ಮೇಲೆ ಇಟ್ಟು ಬೀದಿಗೆ ಇಳಿದೆ. ವಿಚಾರಣೆ ಮುಗಿಯುವವರೆಗೂ ಆ ಲೋಟವನ್ನು ಯಾರೂ ಮುಟ್ಟಲಿಲ್ಲ. ಈಗ ತಜ್ಞನೂ ಆರೋಪಿಯೂ ಬಿಸಿಲಿನಲ್ಲಿ ನಿಂತಿದ್ದೆವು. ಕಡ್ಡಿಗಳು ನೆರಳಿನಲ್ಲಿ ಮಲಗಿದ್ದವು.

"ಅಲ್ಲಿ ಎಷ್ಟೊತ್ತು ಇರ್ತೀರಿ ನೋಡಾಣ ಅಂತಿದ್ದೆ," ಎಂದಳು ತಿಪ್ಪಕ್ಕ ಮೆಲ್ಲಗೆ. "ಕಾಫಿ ಕುಡಿಯೋವಷ್ಟು ಹೊತ್ತು ಇದ್ರಿ. ನಮ್ಮ ಪೈಕಿ ನೀವೇ ಜಾಸ್ತಿ." ಆಮೇಲೆ ದನಿ ಎತ್ತಿ, "ಗೌಡ್ರೇ, ಬೆಳಗಿಂದ ನಿಂತಿದೀನಿ. ಆ ತಂಬಿಗೆ ನೀರು ಒಂದು ಬೊಗಸೆ ಇತ್ತ ಹಾಕಿಸ್ರಿ," ಎಂದಳು.

"ಅದು ಕೇಸಿನ ನೀರು ಕಣೇ! ಸಾಕ್ಷಿಗೆ ಇಟ್ಟಿರೋದು."

ಚಿತ್ತಪ್ಪ ಕಡ್ಡಿಗಳಿಗೆ ಇನ್ನೊಂದು ಸಲ ನೀರು ಚಿಮುಕಿಸಿದ. ಆಮೇಲೆ ಜಗಲಿಯ ಅಂಚಿಗೆ ಬಂದು, ಒಂದೊಂದೇ ಕಡ್ಡಿಯನ್ನು ನನ್ನ ಕೈಗೆ ತಾಗದ ಹಾಗೆ ಮೇಲಿನಿಂದ ಇಳಿಬಿಟ್ಟು ತೋರಿಸಿದ. ನಾನು ಭೂತಗನ್ನಡಿ ಹಿಡಿದು ಕತ್ತೆತ್ತಿ ನೋಡಿದೆ. ಬುಧವಾರವೇ ಕಂಡಿದ್ದನ್ನು ಬೀದಿಯ ಬೆಳಕಿನಲ್ಲಿ ಮತ್ತೆ ಕಂಡೆ.

"ಇವು ಯೋಜನೆ ನೆಟ್ಟ ಗಿಡಗಳಲ್ಲ," ಎಂದೆ.

"ನೀಲಗಿರಿ ಅಲ್ಲವೆ?" ಎಂದರು ಏಕಾಂತಪ್ಪ.

"ನೀಲಗಿರಿಯೇ. ಪ್ರಭೇದ ಬೇರೆ. ಎರಡೂ ಆಸ್ಟ್ರೇಲಿಯದಿಂದ ತಂದವು."

"ಅದೆಷ್ಟು ದೂರ ಆಗುತ್ತೆ?" ಗೌಡ ಕೇಳಿದ.

"ಸಮುದ್ರದ ಆಚೆ. ಹಡಗಿನಲ್ಲಿ ತಿಂಗಳುಗಟ್ಟಲೆ."

"ಶಿವಶಿವಾ! ಅಷ್ಟು ದೂರದಿಂದ ನಮ್ಮೂರಿಗೆ ಬಂದಿರೋವು. ಅವನ್ನ ಕಿತ್ತು ಬಿಸಾಕಿದಾಳಲ್ಲ ಪಾಪಿ!"

"ನಾವು ಇಲ್ಲೇ ಹುಟ್ಟಿದೋರು ಗೌಡ್ರೇ," ಎಂದಳು ತಿಪ್ಪಕ್ಕ. "ನಮ್ಮನ್ನ ಒಂದಿನಾನೂ ಚಾಪೆ ಮ್ಯಾಲೆ ಮಲಗಿಸಲಿಲ್ಲ."

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಗೌಡ "ಏಯ್" ಎಂದ. ನಾನು ವಾಸನೆ, ಎಲೆ, ಮೊಗ್ಗು, ಕಾಯಿ ಎಲ್ಲವನ್ನೂ ವಿವರಿಸಿದೆ. "ಇವು ಸಸಿಗಳೂ ಅಲ್ಲ, ಬಲಿತ ಮರದ ಕೊಂಬೆಗಳು. ಮಚ್ಚಿನಿಂದ ಕಡಿದು, ಬುಡ ಚೂಪು ಮಾಡಿ ನೆಲಕ್ಕೆ ನೆಟ್ಟಿದ್ದಾರೆ. ಇವುಗಳ ಬೇರು ಪರಾರಿಯಾಗಿಲ್ಲ ಸ್ವಾಮಿ. ಇರಲೇ ಇಲ್ಲ."

ತಿಪ್ಪಕ್ಕ ಮೇಲೆ ನೋಡಿದಳು. "ಹೇಳು ಚಿತ್ತಪ್ಪಣ್ಣ. ಭಾನುವಾರ ಕೆತ್ತಿ ಕೆತ್ತಿ ಕೈಗೆ ಕೊಟ್ಟವನು ನೀನೇ ಅಲ್ಲೇನು? ಬೆರಳು ಕೊಯ್ಕಂಡಿದ್ದೆ, ಅರಿಶಿಣ ಹಚ್ಚಿದವಳು ನಾನು."

ಚಿತ್ತಪ್ಪ ಬಟ್ಟೆ ಸುತ್ತಿದ ಬೆರಳನ್ನು ತಂಬಿಗೆಯ ಹಿಂದೆ ಇಟ್ಟುಕೊಂಡು ಆಕಾಶ ನೋಡಿದ.

"ಇಂಥ ಮರ ಈ ಸುತ್ತಿನಲ್ಲಿ ಎಲ್ಲಿದೆ?" ಏಕಾಂತಪ್ಪ ಕೇಳಿದರು. ಬಹಳ ಹೊತ್ತು ಯೋಚಿಸಿಯೇ ಕೇಳಿದರು.

"ನಿಮ್ಮ ಬಂಗಲೆಯ ಕಾಂಪೌಂಡಿನಲ್ಲಿ ಐದು ಇವೆಯಂತೆ."

ಅವರ ಮುಖ ಅರಳಿತು. ತಪ್ಪಿಸಿಕೊಳ್ಳುವ ದಾರಿ ಕಂಡವರ ಮುಖ ಅಷ್ಟು ಬೇಗ ಅರಳುವುದನ್ನು ನಾನು ಪರೀಕ್ಷೆಯ ಕೋಣೆಯಲ್ಲೂ ಕಂಡಿಲ್ಲ.

"ಭೇಷ್ ಮೇಷ್ಟ್ರೇ! ಇದಕ್ಕೇ ತಜ್ಞರು ಬೇಕು ಅನ್ನೋದು. ಹಾಗಾದರೆ ನಮ್ಮ ಯೋಜನೆಯ ಒಂದು ಸಸಿಗೂ ಹಾನಿಯಾಗಿಲ್ಲ. ತೋಪು ಪೂರ್ತಿ ಕ್ಷೇಮ. ಈ ಹೆಂಗಸು ಮಾಡಿರುವುದು ಬೇರೆ ಅಪರಾಧ. ಸರ್ಕಾರಿ ಬಂಗಲೆಯ ಹಳೆಯ ಮರಗಳ ಕೊಂಬೆ ಕಡಿದು ಕದ್ದಿದ್ದಾಳೆ. ಕದ್ದ ಮಾಲನ್ನು ನಮ್ಮ ತೋಪಿನಲ್ಲಿ ಬಚ್ಚಿಟ್ಟಿದ್ದಾಳೆ."

"ನೆಲದಲ್ಲಿ ನೆಟ್ಟು ಬಚ್ಚಿಡುತ್ತಾರೆಯೆ?" ಎಂದೆ.

"ಕಳ್ಳರ ಬುದ್ಧಿ, ನಮಗೆ ನಿಮಗೆ ತಿಳಿಯುವುದಿಲ್ಲ."

"ಹೊಲದಲ್ಲಿ ಇಂಥವು ಇನ್ನೂ ನೂರಾರು ನಿಂತಿವೆ. ಬನ್ನಿ, ಒಂದನ್ನು ಕಿತ್ತು ಬೇರು ಇದೆಯೋ ಇಲ್ಲವೋ ನೋಡಿಬಿಡೋಣ."

ಏಕಾಂತಪ್ಪನವರಿಗೆ ನಿಜಕ್ಕೂ ಆಘಾತವಾಯಿತು. "ಏನು ಮಾತು ಇದು! ಸರ್ಕಾರಿ ಗಿಡ ಕೀಳುವುದೆ? ಆ ಕೇಸೇ ಅಲ್ಲವೆ ನಡೆಯುತ್ತಿರುವುದು?"

ಮಹಜರನ್ನು ಅಲ್ಲೇ ತಿದ್ದಿದರು. ನನ್ನ ವರದಿಯ ಕೆಳಗೆ ಒಂದು ಸಾಲು ಸೇರಿಸಲು ಹೇಳಿದರು: ಸದರಿ ಕೊಂಬೆಗಳನ್ನು ಆರೋಪಿಯೇ ಕಡಿದಿರುವುದು ಪರೀಕ್ಷೆಯಿಂದ ದೃಢಪಟ್ಟಿದೆ.

"ಪ್ರಭೇದದ ಹೆಸರು ಬರೆದಿದ್ದೇನೆ. ಬೇರಿಲ್ಲ ಎಂದೂ ಬರೆದಿದ್ದೇನೆ. ಕಡಿದವರ ಹೆಸರು ಎಲೆಯ ಮೇಲೆ ಇರುವುದಿಲ್ಲ. ಬರೆಯುವುದಿಲ್ಲ."

"ನಿಮ್ಮ ಪ್ರಿನ್ಸಿಪಾಲರು ನನಗೆ ಬಹಳ ಬೇಕಾದವರು."

"ಅವರು ಪ್ರಾಣಿಶಾಸ್ತ್ರದವರು ಸಾರ್. ಎಲೆ ಅವರಿಗೂ ಓದಲು ಬರುವುದಿಲ್ಲ."

ಗೌಡನಿಗೆ ಸಾಕಾಗಿತ್ತು. ಊಟದ ಹೊತ್ತು ಮೀರುತ್ತಿತ್ತು. ಜಗಲಿಯ ಅಂಚಿಗೆ ಬಂದು ನಿಂತ. "ನೋಡೇ ತಿಪ್ಪಿ, ಸಾಹೇಬ್ರು ದೊಡ್ಡ ಮನಸ್ಸಿನೋರು. ಮೂರು ಕೆಲಸ ಮಾಡು, ಕೇಸು ಮುಗೀತು. ಇಲ್ಲೇ ಅಡ್ಡಬಿದ್ದು ತಪ್ಪಾತು ಅನ್ನು. ಆ ಮೂವತ್ತೂ ಕಡ್ಡೀನ ಎಲ್ಲಿ ಕಿತ್ತೆಯೋ ಅಲ್ಲೇ ನೆಡು. ಆಮೇಲೆ ಈ ಕಾಗದಕ್ಕೆ ಒಂದು ಹೆಬ್ಬೆಟ್ಟು ಒತ್ತು, ಆ ನೆಲ ಯೋಜನೇದು ಅಂತ."

ಚಿತ್ತಪ್ಪ ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಕೆಳಗಿಟ್ಟ. ತಿಪ್ಪಕ್ಕ ಡಬ್ಬಿಯನ್ನು ನೋಡಿದಳು. ಎಡಗೈಯ ಹೆಬ್ಬೆರಳನ್ನು ಎತ್ತಿ ನೋಡಿಕೊಂಡಳು. ಹಾರೆ ಹಿಡಿದು ಉಗುರು ಅರ್ಧ ಸೀಳಿತ್ತು. ಆಮೇಲೆ ಆ ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು.

"ಒತ್ತಲ್ಲ."

"ಏನಂದೆ?"

"ಈ ಬೆರಳು ನಂದು. ನಿಮ್ಮ ಬಂಗಲೆ ಕಾಂಪೌಂಡಿಂದ ಕಡಕಂಡು ಬಂದಿಲ್ಲ. ಒತ್ತಲ್ಲ, ಅಡ್ಡಬೀಳಲ್ಲ, ನೆಡಲ್ಲ. ಜೈಲಿಗೆ ಹಾಕ್ರಿ. ಅಲ್ಲಿ ನೀರಾದ್ರೂ ಕೊಡ್ತಾರಂತೆ."

"ಹಲ್ಲು ಉದುರಿಸಿಬಿಟ್ಟೇನು ಬೋಸುಡಿ!"

"ಉದುರಿಸ್ರಿ. ಹಲ್ಲಿಗೂ ಬೇರು ಐತೆ, ಸುಮ್ನೆ ಬರಲ್ಲ."

ಗೌಡ ಜಗಲಿಯಿಂದ ಇಳಿಯಲು ಕಾಲು ಮುಂದಿಟ್ಟ. ಗಂಗಕ್ಕ ತಿಪ್ಪಕ್ಕನ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಯಾರೂ ಕೈ ಎತ್ತಲಿಲ್ಲ, ಕೂಗಲಿಲ್ಲ. ಸುಮ್ಮನೆ ಹತ್ತಿರ ಬಂದು ನಿಂತರು. ಇಳಿದರೆ ಅವರನ್ನು ಮುಟ್ಟಬೇಕಾಗುತ್ತಿತ್ತು. ಗೌಡ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

"ನಿಮ್ಮ ಕೇರಿಗೆ ಇನ್ನ ಒಂದು ಎತ್ತು ಕೊಟ್ಟವನಿಗೆ ನನ್ನ ಬಾಗಿಲು ಇಲ್ಲ!" ಎಂದ. "ಅದೆಂಗೆ ಬಿತ್ತುತೀರಾ ನೋಡ್ತೀನಿ."

*

ಭಾನುವಾರ ಮತ್ತೆ ಹೋದೆ. ಬೆಳಗಿನ ಬಸ್ಸಿಗೆ ಹೋಗಿ ತಲುಪುವಷ್ಟರಲ್ಲಿ ಕೆಲಸ ಶುರುವಾಗಿತ್ತು. ಗೌಡನ ಮಾತು ಸುತ್ತಲಿನ ಹಟ್ಟಿಗಳಿಗೂ ಮುಟ್ಟಿತ್ತು. ಒಂದು ಜೊತೆ ಎತ್ತೂ ಸಿಕ್ಕಿರಲಿಲ್ಲ. ಕೇರಿಯಲ್ಲಿ ಇದ್ದದ್ದು ಒಂದು ಹಳೆಯ ಕುಂಟೆ. ಅದಕ್ಕೆ ಬಾವಿಯ ಹಗ್ಗ ಕಟ್ಟಿ ಹೆಂಗಸರು ಎಳೆಯುತ್ತಿದ್ದರು. ಮುಂದೆ ನಾಲ್ವರು, ಹಿಂದೆ ನಾಲ್ವರು. ಹೆಗಲಿಗೆ ಹರಕು ಸೀರೆಯ ಸಿಂಬೆ, ಅದರ ಮೇಲೆ ಹಗ್ಗ. ಗಂಗಕ್ಕ ಹುರುಳಿ ಚೆಲ್ಲುತ್ತಾ ಹೋಗುವುದು, ಹಿಂದಿನಿಂದ ಕುಂಟೆ ಮಣ್ಣು ಮುಚ್ಚುತ್ತಾ ಬರುವುದು. ತಿಪ್ಪಕ್ಕನ ನೆಲದಲ್ಲಿದ್ದ ಕಡ್ಡಿಗಳನ್ನೆಲ್ಲ ಆಗಲೇ ಕಿತ್ತು ಬದುವಿನ ಮೇಲೆ ರಾಶಿ ಹಾಕಿದ್ದರು.

ಗಡಿಕಲ್ಲಿನ ಮೇಲೆ ಚಿತ್ತಪ್ಪ ಸೀಟಿ ಹಿಡಿದು ಕುಳಿತಿದ್ದ.

"ತಿಪ್ಪಕ್ಕ, ನಾನು ಸೀಟಿ ಊದ್ತಾ ಇದೀನಿ. ಆಮೇಲೆ ತಡೀಲಿಲ್ಲ ಅನ್ಬೇಡ್ರಿ," ಎಂದು ಕೂಗಿ ಜೋರಾಗಿ ಊದಿದ.

"ಊದಣ್ಣ ಊದು. ಎಳೆಯಾಕೆ ತಾಳ ಬೇಕಾಗಿತ್ತು."

ಅವನು ಊದಿದ. ಅವರು ಎಳೆದರು. ಸ್ವಲ್ಪ ಹೊತ್ತಿನಲ್ಲಿ ಅವನ ಸೀಟಿ ಅವರ ಹೆಜ್ಜೆಗೆ ಸರಿಯಾಗಿ ಬರತೊಡಗಿತು. ಬೇಕೆಂದೇ ಊದುತ್ತಿದ್ದನೋ ಏನೋ, ನನಗೆ ತಿಳಿಯಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬಳು ಉಬ್ಬಸ ಬಂದು ಕುಳಿತಳು. ನಾನು ಷರಟು ಬಿಚ್ಚಿ ಮಡಚಿ ಹೆಗಲ ಮೇಲೆ ಇಟ್ಟುಕೊಂಡು ಅವಳ ಜಾಗಕ್ಕೆ ಹೋದೆ. ಕುಂಟೆಯ ಭಾರ ಕೈಗೆ ಬರುವುದಿಲ್ಲ, ಕತ್ತಿನ ಹಿಂಬದಿಯ ಮೂಳೆಗೆ ಬರುತ್ತದೆ. ತೋಡಿದ್ದ ಗುಣಿ ಬಂದಾಗಲೆಲ್ಲ ಕುಂಟೆ ಧಡಕ್ಕೆಂದು ಕುಸಿದು ಹಗ್ಗ ಹೆಗಲನ್ನು ಕಚ್ಚುತ್ತಿತ್ತು. ಮುಂದಿದ್ದ ತಿಪ್ಪಕ್ಕನ ಬೆನ್ನು ನೋಡುತ್ತಾ ಎಳೆದೆ. ರವಿಕೆ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಹಗ್ಗ ಉಜ್ಜಿದಲ್ಲಿ ಕೆಂಪಾಗಿತ್ತು.

"ಮೇಷ್ಟ್ರೇ, ಇದನ್ನ ಯಾವ ಕಾಲೇಜಿನಾಗೆ ಕಲಿಸ್ತಾರೆ?" ಅವಳು ತಿರುಗದೆಯೇ ಕೇಳಿದಳು.

"ನಮ್ಮಪ್ಪ ಕಲಿಸಿದ್ದ. ಮರೆತಿದ್ದೆ."

ಮೂರು ಗಂಟೆಯ ಹೊತ್ತಿಗೆ ಯೋಜನೆಯ ಜೀಪು ರಸ್ತೆಯಲ್ಲಿ ಬಂದು ನಿಂತಿತು. ಹಾರನ್ನು ಹೊಡೆಯಿತು. ಯಾರೂ ತಲೆ ಎತ್ತಲಿಲ್ಲ. ಎತ್ತಿದರೆ ಹಗ್ಗ ಸಡಿಲವಾಗುತ್ತದೆ. ಇನ್ನೊಮ್ಮೆ ಹೊಡೆಯಿತು. ಏಕಾಂತಪ್ಪನವರು ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟರು. ನೆಲ ಇನ್ನೂ ಹಸಿಯಾಗಿತ್ತು. ಕಾಲು ಒಳಗೆ ತೆಗೆದುಕೊಂಡರು. ನಾಳೆ ಪೊಲೀಸರ ಜೊತೆ ಬರುತ್ತೇವೆಂದು ಡ್ರೈವರ್ ಕೂಗಿ ಹೇಳಿದ. ಜೀಪು ಹೋಯಿತು.

ಹೊತ್ತು ಮುಳುಗುವ ಮುಂಚೆ ತಂದಿದ್ದ ಹುರುಳಿ ಮುಗಿಯಿತು. ಹೊಲ ಇನ್ನೂ ಬಹಳ ಉಳಿದಿತ್ತು. ಹೆಂಗಸರು ಹಗ್ಗ ಬಿಚ್ಚಿ ಬದುವಿನ ಮೇಲೆ ಕುಳಿತು ಕಾಲು ಚಾಚಿದರು. ತಿಪ್ಪಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ನಾಳೆ ಬಂದೋರು ಇಲ್ಲಿ ಏನೂ ಬಿತ್ತಿರಲಿಲ್ಲ ಅಂತಾರೆ. ಎಷ್ಟಾತು ಅಳೀರಿ ಮೇಷ್ಟ್ರೇ. ಸರಿಯಾಗಿ ಅಳೀರಿ."

ಎಳೆದ ಹಗ್ಗವನ್ನೇ ಮೊದಲು ಅಡಿಪಟ್ಟಿಗೆ ಹಿಡಿದು ಅಳೆದುಕೊಂಡೆ. ಆ ಹಗ್ಗದಿಂದ ನಾಲ್ಕು ಬದಿಯನ್ನೂ ಅಳೆದೆ. ಗಂಗಕ್ಕ ಇನ್ನೊಂದು ತುದಿ ಹಿಡಿದಳು. ತಪ್ಪಾಗಬಾರದೆಂದು ಮತ್ತೊಮ್ಮೆ ಅಳೆದು ಲೆಕ್ಕ ಹಾಕಿದೆ.

ಬಿತ್ತಿದ ನೆಲ ಹದಿನೇಳು ಗುಂಟೆ.